ಎಡಗೈ ಹಿಡಿದ ಗುರಿ

ಐದನೆಯ ತರಗತಿಯಲ್ಲಿ ಏಕಲವ್ಯನ ಪಾಠ ನಡೆಯುತ್ತಿತ್ತು. ಗುರುವಿನ ಮಣ್ಣಿನ ಪ್ರತಿಮೆಯ ಮುಂದೆ ನಿಂತು ಬಿಲ್ವಿದ್ಯೆಯನ್ನು ಸಾಧಿಸಿದ ಬೇಡರ ಹುಡುಗನು, ದ್ರೋಣನು ಕೇಳಿದ ಕೂಡಲೆ ತನ್ನ ಬಲಗೈಯ ಹೆಬ್ಬೆರಳನ್ನು ಕೊಯ್ದು ಗುರುದಕ್ಷಿಣೆಯಾಗಿ ಒಪ್ಪಿಸಿದನೆಂಬಲ್ಲಿಗೆ ಪಾಠವು ಮುಗಿಯಿತು. ಮಕ್ಕಳೆಲ್ಲರೂ ಸ್ತಬ್ಧರಾಗಿದ್ದರು. ಆಗ ಹಿಂದಿನ ಬೆಂಚಿನಿಂದ ಒಬ್ಬ ಬಾಲಕನು ಎದ್ದು ನಿಂತು, "ಮಾಸ್ಟ್ರೇ, ಅವನಿಗೆ ಎಡಗೈ ಇತ್ತಲ್ಲ? ಅದರಲ್ಲಿ ಯಾಕೆ ಕಲಿಯಲಿಲ್ಲ?" ಎಂದು ಕೇಳಿದನು.

ಈ ಬಾಲಕನ ವಿಚಾರವನ್ನು ಎರಡು ಮಾತಿನಲ್ಲಿ ಹೇಳಬೇಕು. ಆತನು ಹುಟ್ಟು ಎಡಚ. ಒಂದನೆಯ ತರಗತಿಗೆ ಬಂದ ದಿನ ಆತನು ಬಳಪವನ್ನು ಎಡಗೈಯಲ್ಲಿ ಹಿಡಿದಿದ್ದನು. ಅದನ್ನು ಬಿಡಿಸಿ ಬಲಗೈಗೆ ಕೊಟ್ಟವನು ನಾನೇ. ಮರೆತು ಕೈ ಬದಲಿಸಿದಾಗಲೆಲ್ಲ ಬೆರಳ ಗಿಣ್ಣಿನ ಮೇಲೆ ಅಡಿಕೋಲಿನಿಂದ ಮೆಲ್ಲನೆ ತಟ್ಟಿದವನೂ ನಾನೇ. ಶಿಸ್ತನ್ನು ಕಲಿಸುತ್ತಿದ್ದೇನೆಂದೇ ನಾನು ನಂಬಿದ್ದೆನು. ನಾಲ್ಕು ವರ್ಷಗಳ ತರುವಾಯವೂ ಆತನ ಅಕ್ಷರ ದುಂಡಗಾಗಲಿಲ್ಲ. ಬರೆಯುವುದರಲ್ಲಿ ಆತನು ಎಲ್ಲರಿಗಿಂತ ಹಿಂದೆಯೇ ಉಳಿದನು.

ಏಕಲವ್ಯನು ಉಳಿದ ಬೆರಳುಗಳಿಂದ ಬಾಣ ಬಿಟ್ಟನಾದರೂ ಮೊದಲಿನ ವೇಗವು ಬರಲಿಲ್ಲವೆಂದು ಭಾರತದಲ್ಲಿ ಹೇಳಿದೆ. ನಾನು ಅದನ್ನೇ ಹೇಳಿ ಪಾಠವನ್ನು ಮುಗಿಸಿದೆನು. ಬಾಲಕನು ಕುಳಿತನಾದರೂ ಪ್ರಶ್ನೆಯು ಕುಳಿತುಕೊಳ್ಳಲಿಲ್ಲ. ಅದೇ ಭಾರತದಲ್ಲಿ ಅರ್ಜುನನಿಗೆ ಸವ್ಯಸಾಚಿಯೆಂಬ ಬಿರುದುಂಟು; ಎಡಗೈಯಿಂದಲೂ ಬಾಣ ಬಿಡಬಲ್ಲವನೆಂದು ಅದರ ಅರ್ಥ. ಬಿಲ್ಗಾರನ ಹಿರಿಮೆಯನ್ನೇ ಎಡಗೈಯಿಂದ ಅಳೆದ ನಾಡಿನಲ್ಲಿ ಹುಟ್ಟಿ, ಶಾಲೆಯ ಮಗುವಿನ ಎಡಗೈಯನ್ನು ತಪ್ಪೆಂದು ತಿದ್ದುವುದು ಎಂಥ ನ್ಯಾಯ? ಕೆಲವು ತಿಂಗಳುಗಳ ಮೇಲೆ ಒಲಿಂಪಿಕ್ ಕ್ರೀಡಾಕೂಟಗಳ ಚರಿತ್ರೆಯನ್ನು ಓದುತ್ತಿದ್ದಾಗ, ಹಂಗೇರಿ ದೇಶದ ಒಬ್ಬ ಸಿಪಾಯಿಯ ಜೀವನದಲ್ಲಿ ಆ ಬಾಲಕನ ಪ್ರಶ್ನೆಗೆ ಉತ್ತರವು ನನಗೆ ದೊರೆಯಿತು. ಆತನ ಹೆಸರು ಕಾರೋಯ್ ಟಾಕಾಚ್. ಆತನ ವಿದ್ಯೆ ಪಿಸ್ತೂಲಿನಿಂದ ಗುರಿ ಹೊಡೆಯುವುದು.

ಪಿಸ್ತೂಲು ಎಂದೊಡನೆ ನಮಗೆ ಕಳ್ಳರೂ ಪೊಲೀಸರೂ ನೆನಪಾಗುತ್ತಾರೆ. ಆದರೆ ಗುರಿ ಹೊಡೆಯುವ ಪಿಸ್ತೂಲೆಂಬುದು ಬೇರೆಯೇ ಒಂದು ಜಾತಿ. ಕೊಲ್ಲುವ ಆಯುಧದಲ್ಲಿ ಬಲ ಮುಖ್ಯ. ಇದರಲ್ಲಿ ನೇರ ಮುಖ್ಯ. ಇದರ ನಳಿಗೆಯ ಒಳಗಿನ ಅಗಲವು ಒಂದು ಅಂಗುಲವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತೆರಡು ಪಾಲು ಮಾತ್ರ. ಎಂದರೆ ಸುಮಾರು ಐದೂವರೆ ಮಿಲಿಮೀಟರು. ತೋಟಾ ಚಿಕ್ಕದು, ಮದ್ದು ಸ್ವಲ್ಪ. ಸಿಡಿದಾಗ ಕೈಗೆ ಬರುವ ಒದೆತವು ಕಡಿಮೆಯಿರಲೆಂದು ನಳಿಗೆಯ ಕೆಳಗೆ ಲೋಹದ ತೂಕಗಳನ್ನು ತಗುಲಿಸುವುದುಂಟು. ನಳಿಗೆಯ ತುದಿಯಲ್ಲಿ ಒಂದು ಗುರಿಮೊನೆ. ಹಿಂಬದಿಯಲ್ಲಿ ಒಂದು ಕಚ್ಚು. ಕಚ್ಚಿನ ನಟ್ಟನಡುವೆ ಮೊನೆಯು ಸಮನಾಗಿ ನಿಂತಾಗ ಕುದುರೆಯನ್ನು ಬೆರಳಿನಿಂದ ಮೃದುವಾಗಿ ಹಿಂದಕ್ಕೆ ಒತ್ತಬೇಕು. ಬೆರಳು ಜಗ್ಗಿದರೆ ಮೊನೆಯು ಕೂದಲೆಳೆಯಷ್ಟು ಸರಿಯುತ್ತದೆ. ಅಷ್ಟು ಸರಿದರೆ ದೂರದ ಫಲಕದಲ್ಲಿ ಗುಂಡು ಆಚೆಗೆ ಬೀಳುತ್ತದೆ.

ಇದರ ಹಿಡಿಯನ್ನು ಅಕ್ರೋಟಿನಂಥ ಗಟ್ಟಿ ಮರದಿಂದ ಕೊರೆಯುತ್ತಾರೆ. ಒಡೆಯನ ಅಂಗೈಯ ಉಬ್ಬುತಗ್ಗುಗಳಿಗೆ ಸರಿಯಾಗಿ ಅದನ್ನು ಅರದಿಂದ ಉಜ್ಜಿ ತಿದ್ದುತ್ತಾರೆ. ಹೆಬ್ಬೆರಳಿಗೆ ಒಂದು ದಿಂಡು, ಅಂಗೈಯ ತಳಕ್ಕೆ ಒಂದು ಆಸರೆ. ಹೀಗೆ ಸಿದ್ಧವಾದ ಪಿಸ್ತೂಲು ಹೊಲಿಸಿದ ಅಂಗಿಯಂತೆ ಒಬ್ಬನಿಗೇ ಒಪ್ಪುವಂಥದು. ಬಲಗೈಯವನ ಹಿಡಿಯನ್ನು ಎಡಗೈಯವನು ಹಿಡಿದರೆ ಮರವು ಅಂಗೈಗೆ ಒತ್ತುತ್ತದೆ, ಬೆರಳು ಕುದುರೆಗೆ ನೇರವಾಗಿ ಎಟಕುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯ ತೊಡಕೆಲ್ಲ ಇಲ್ಲಿಯೇ ಇದೆ.

೧೮೯೬ರಲ್ಲಿ ಅಥೆನ್ಸ್ ನಗರದಲ್ಲಿ ನಡೆದ ಮೊದಲನೆಯ ಆಧುನಿಕ ಒಲಿಂಪಿಕ್ ಕೂಟದಿಂದಲೇ ಪಿಸ್ತೂಲಿನ ಸ್ಪರ್ಧೆಗಳಿವೆ. ಅವುಗಳಲ್ಲಿ ಅತ್ಯಂತ ಕಠಿನವಾದುದು ಶೀಘ್ರಗತಿಯ ಸ್ಪರ್ಧೆ. ಇಪ್ಪತ್ತೈದು ಮೀಟರು ದೂರದಲ್ಲಿ ಐದು ಫಲಕಗಳು ಸಾಲಾಗಿರುತ್ತವೆ; ಹಿಂದೆ ಅವು ಅಂಚು ತೋರಿಸಿ ನಿಂತಿರುತ್ತಿದ್ದವು. ಸ್ಪರ್ಧಾಳು ಕೈಯನ್ನು ಕೆಳಗಿಳಿಸಿ ಕಾದಿರಬೇಕು. ಆಗೆಲ್ಲ ಫಲಕಗಳು ತಟ್ಟನೆ ಆತನತ್ತ ತಿರುಗುತ್ತಿದ್ದವು. ಕೈಯೆತ್ತಿ, ಒಂದೊಂದಕ್ಕೆ ಒಂದೊಂದರಂತೆ ಐದು ಗುಂಡುಗಳನ್ನು ಹೊಡೆಯಬೇಕು. ಮೊದಲು ಎಂಟು ಸೆಕೆಂಡು, ಅನಂತರ ಆರು, ಕೊನೆಗೆ ನಾಲ್ಕೇ ಸೆಕೆಂಡು ಅವಕಾಶ. ನಾಲ್ಕು ಸೆಕೆಂಡಿನಲ್ಲಿ ಐದು ಗುಂಡೆಂದರೆ ಒಂದು ಗುಂಡಿಗೆ ಸೆಕೆಂಡಿನ ಹತ್ತರಲ್ಲಿ ಎಂಟು ಪಾಲು. ಅದರಲ್ಲಿಯೂ ಕೈಯೆತ್ತುವ ಹೊತ್ತನ್ನು ಕಳೆಯಬೇಕು. ಹೀಗೆ ಒಟ್ಟು ಅರವತ್ತು ಗುಂಡುಗಳು. ಒಂದಕ್ಕೆ ಹೆಚ್ಚೆಂದರೆ ಹತ್ತು ಅಂಕ, ಪೂರ್ಣಾಂಕ ೬೦೦. ಇನ್ನೊಂದು ನಿಯಮವುಂಟು: ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು; ಇನ್ನೊಂದು ಕೈಯ ಆಸರೆ ಕೂಡದು. ಆ ಒಂದು ಕೈ ಯಾವುದಿರಬೇಕೆಂಬುದನ್ನು ಮಾತ್ರ ಯಾವ ನಿಯಮವೂ ಹೇಳಿಲ್ಲ.

ಈ ಸ್ಪರ್ಧೆಗಾಗಿಯೇ ಜರ್ಮನಿಯ ವಾಲ್ಟರ್ ಕಾರ್ಖಾನೆಯವರು ಒಂದು ಪಿಸ್ತೂಲನ್ನು ತಯಾರಿಸಿದರು. ೧೯೩೬ರ ಬರ್ಲಿನ್ ಕೂಟದಲ್ಲಿ ಶೀಘ್ರಗತಿಯ ಸ್ಪರ್ಧೆಯ ಮೊದಲೆರಡು ಸ್ಥಾನಗಳೂ ಜರ್ಮನರ ಪಾಲಾದವು. ಈ ಪಿಸ್ತೂಲಿಗೆ ಒಲಿಂಪಿಯಾ ಎಂಬ ಹೆಸರೇ ನಿಂತಿತು. ಯುದ್ಧಾನಂತರ ೧೯೫೨ರಿಂದ ಸ್ವಿಟ್ಜರ್ಲೆಂಡಿನ ಹ್ಯಾಮರ್ಲಿ ಕಾರ್ಖಾನೆಯು ವಾಲ್ಟರರ ಅನುಮತಿ ಪಡೆದು ಅದೇ ಮಾದರಿಯನ್ನು ಮತ್ತೆ ಮಾಡತೊಡಗಿತು. ಹಳೆಯ ಪಿಸ್ತೂಲುಗಳನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದವರು ಇಂದಿಗೂ ಈ ಎರಡು ಹೆಸರುಗಳನ್ನು, ಸಂಗೀತಗಾರರು ಹಳೆಯ ವೀಣೆಯ ಮಾತಾಡುವ ಹಾಗೆ, ಆದರದಿಂದ ಎತ್ತುತ್ತಾರೆ.

ಇಷ್ಟು ಪೀಠಿಕೆಯಾಯಿತು. ಇನ್ನು ಟಾಕಾಚನ ಚರಿತ್ರೆಗೆ ಬರೋಣ.

ಕಾರೋಯ್ ಟಾಕಾಚನು ೧೯೧೦ನೆಯ ಜನವರಿ ೨೧ರಂದು ಬುಡಾಪೆಸ್ಟಿನಲ್ಲಿ ಹುಟ್ಟಿದನು. ಹಂಗೇರಿಯ ಸೈನ್ಯವನ್ನು ಸೇರಿ ಸಾರ್ಜೆಂಟ್ ಆದನು. ೧೯೩೬ರ ಹೊತ್ತಿಗೆ ಆತನು ಜಗತ್ತಿನ ಒಳ್ಳೆಯ ಪಿಸ್ತೂಲುಗಾರರ ಸಾಲಿನಲ್ಲಿದ್ದನು. ಬರ್ಲಿನ್ನಿಗೆ ಹೋಗಬೇಕಾದವನು ಹೋಗಲಿಲ್ಲ. ಸೈನ್ಯದಿಂದ ಹೋಗುವ ಸ್ಪರ್ಧಾಳು ಅಧಿಕಾರಿಯ ದರ್ಜೆಯವನೇ ಆಗಿರಬೇಕೆಂಬ ಕಟ್ಟಳೆ ಆಗ ಅಲ್ಲಿತ್ತು. ಗುರಿ ಎಷ್ಟು ಚೆನ್ನಾಗಿದ್ದರೇನು, ತೋಳಿನ ಮೇಲಿನ ಪಟ್ಟಿ ಚಿಕ್ಕದು! ಬರ್ಲಿನ್ ಕೂಟದ ತರುವಾಯ ಆ ಕಟ್ಟಳೆಯನ್ನು ತೆಗೆದುಹಾಕಿದರು. ಟಾಕಾಚನು ೧೯೪೦ರ ಕೂಟದ ಮೇಲೆ ಕಣ್ಣಿಟ್ಟನು.

೧೯೩೮ರಲ್ಲಿ ಸೈನ್ಯದ ತಾಲೀಮು ನಡೆಯುತ್ತಿದ್ದಾಗ ದೋಷಯುಕ್ತವಾದ ಒಂದು ಕೈಬಾಂಬು ಆತನ ಬಲಗೈಯಲ್ಲಿಯೇ ಸಿಡಿಯಿತು. ಪಿಸ್ತೂಲು ಹಿಡಿಯುತ್ತಿದ್ದ ಕೈ ನುಚ್ಚುನೂರಾಯಿತು. ಆಗ ಆತನಿಗೆ ಇಪ್ಪತ್ತೆಂಟು ವರ್ಷ.

ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಹೊರಬಂದ ಟಾಕಾಚನು, ಯಾರಿಗೂ ತಿಳಿಸದೆ ಎಡಗೈಯಿಂದ ಅಭ್ಯಾಸವನ್ನು ಪ್ರಾರಂಭಿಸಿದನು. ಈ ಒಂದು ವಾಕ್ಯವನ್ನು ಬರೆಯುವುದು ಸುಲಭ. ಆದರೆ ಅದರೊಳಗೆ ಎಷ್ಟು ದಿನಗಳ ಬೇಸರ ಅಡಗಿರಬೇಕೆಂಬುದನ್ನು ಶಿಕ್ಷಕರಾದ ನಾವು ಊಹಿಸಬಲ್ಲೆವು. ಬಲಗೈಗಾಗಿ ಕೊರೆದ ಹಿಡಿಯು ಎಡಗೈಗೆ ಒಗ್ಗದು. ಸಾಮಾನ್ಯವಾಗಿ ಬಲಗೈಯವರು ಬಲಗಣ್ಣಿನಿಂದ ಗುರಿ ನೋಡುತ್ತಾರೆ. ಕೈ ಬದಲಾದಾಗ ಒಂದೋ ಕಣ್ಣನ್ನು ಬದಲಿಸಬೇಕು, ಇಲ್ಲವೇ ತಲೆಯ ನಿಲುವನ್ನು ಬದಲಿಸಬೇಕು. ಬಲಗಾಲು ಮುಂದಿದ್ದವನು ಎಡಗಾಲನ್ನು ಮುಂದಿಡಬೇಕು. ತೋಟಾಗಳನ್ನು ತುಂಬಲು ಇನ್ನೊಂದು ಕೈಯ ಸಹಾಯವಿಲ್ಲ. ಇವೆಲ್ಲಕ್ಕಿಂತ ಕಷ್ಟದ್ದು ಬೆರಳಿನ ನಯ. ಕುದುರೆಯನ್ನು ಒತ್ತುವ ಬೆರಳಿಗೆ ಹತ್ತಾರು ಸಾವಿರ ಸಲದ ಅಭ್ಯಾಸದಿಂದ ಬಂದ ಮೃದುತ್ವವನ್ನು ಬೇರೊಂದು ಬೆರಳಿಗೆ ಮೊದಲಿನಿಂದ ಕಲಿಸಬೇಕು.

ಆದರೂ ಆತನು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಗುರಿಮೊನೆಯನ್ನು ಕಚ್ಚಿನಲ್ಲಿ ನಿಲ್ಲಿಸುವ ನೋಟ, ಉಸಿರನ್ನು ತಡೆಯುವ ಹದ, ಐದು ಫಲಕಗಳ ಮೇಲೆ ಕೈ ಸಾಗುವ ತಾಳ, ಸೋತಾಗ ಮನಸ್ಸನ್ನು ಹಿಡಿದು ನಿಲ್ಲಿಸುವ ಧೈರ್ಯ ಇವೆಲ್ಲವೂ ಬಲಗೈಯೊಡನೆ ಹೋಗಿರಲಿಲ್ಲ. ವಿದ್ಯೆಯು ಕೈಯ ಮೂಲಕ ಬಂದರೂ ಅದು ಕೈಯಲ್ಲಿಯೇ ಮನೆ ಮಾಡಿಕೊಂಡಿರುವುದಿಲ್ಲ. ಬಲಗೈಯಲ್ಲಿದ್ದ ಶಿಷ್ಯನನ್ನು ಕಳೆದುಕೊಂಡ ಗುರು ಎಡಗೈಯಲ್ಲಿ ಇನ್ನೊಬ್ಬ ಶಿಷ್ಯನನ್ನು ಕಂಡುಕೊಂಡಂತಾಯಿತು.

೧೯೩೯ರ ವಸಂತಕಾಲದಲ್ಲಿ ಹಂಗೇರಿಯ ರಾಷ್ಟ್ರೀಯ ಪಿಸ್ತೂಲು ಸ್ಪರ್ಧೆ ನಡೆಯಿತು. ಟಾಕಾಚನು ಅಲ್ಲಿಗೆ ಬಂದುದನ್ನು ಕಂಡು ಹಳೆಯ ಸಂಗಡಿಗರು ಆತನ ದುರ್ದೈವಕ್ಕೆ ಮರುಗಿದರೆಂದೂ, ತಾನು ನೋಡಲು ಬಂದಿಲ್ಲ, ಸ್ಪರ್ಧಿಸಲು ಬಂದಿದ್ದೇನೆಂದು ಆತನು ತಿಳಿಸಿದಾಗ ಅಚ್ಚರಿಗೊಂಡರೆಂದೂ ಹೇಳುತ್ತಾರೆ. ಆ ಸ್ಪರ್ಧೆಯಲ್ಲಿ ಆತನೇ ಗೆದ್ದನು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೂಸರ್ನಿನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಗೆದ್ದ ಹಂಗೇರಿಯ ತಂಡದಲ್ಲಿಯೂ ಆತನಿದ್ದನು.

ಇನ್ನೇನು ೧೯೪೦ರ ಕೂಟವು ಬಂದಿತೆನ್ನುವಾಗ ಎರಡನೆಯ ಮಹಾಯುದ್ಧವು ಆರಂಭವಾಯಿತು. ೧೯೪೦ರ ಕೂಟ ನಡೆಯಲಿಲ್ಲ, ೧೯೪೪ರದೂ ನಡೆಯಲಿಲ್ಲ. ಮೊದಲು ಕಟ್ಟಳೆ ತಡೆಯಿತು, ಬಳಿಕ ಕೈಬಾಂಬು ತಡೆಯಿತು, ಅನಂತರ ಜಗತ್ತಿನ ಯುದ್ಧವೇ ತಡೆಯಿತು. ಬರ್ಲಿನ್ನಿನ ಕಾಲಕ್ಕೆ ಇಪ್ಪತ್ತಾರರ ತರುಣನಾಗಿದ್ದವನು ೧೯೪೮ರಲ್ಲಿ ಲಂಡನ್ನಿಗೆ ಹೊರಟಾಗ ಮೂವತ್ತೆಂಟು ತುಂಬಿದವನಾಗಿದ್ದನು.

ಲಂಡನ್ ಕೂಟದ ಗುಂಡಿನ ಸ್ಪರ್ಧೆಗಳು ಬಿಸ್ಲಿ ಎಂಬಲ್ಲಿ ನಡೆದವು. ಶೀಘ್ರಗತಿಯ ಸ್ಪರ್ಧೆಯಲ್ಲಿ ಗೆಲ್ಲುವನೆಂದು ಎಲ್ಲರೂ ನಿರೀಕ್ಷಿಸಿದ್ದವನು ಅರ್ಜೆಂಟೀನದ ಕಾರ್ಲೋಸ್ ಎನ್ರಿಕೆ ಡಿಯಾಸ್ ಸಾಯೆನ್ಸ್ ವಾಲಿಯೆಂಟೆ. ಆತನು ವಿಶ್ವಸ್ಪರ್ಧೆಯ ವಿಜೇತ. ಈ ಎಡಗೈಯ ಹಂಗೇರಿಯನನ್ನು ನೋಡಿ, ಲಂಡನ್ನಿಗೆ ಏಕೆ ಬಂದಿರಿ ಎಂದು ಆತನು ವಿಚಾರಿಸಿದನಂತೆ. ಕಲಿಯಲು ಬಂದಿದ್ದೇನೆಂದು ಟಾಕಾಚನು ಉತ್ತರವಿತ್ತನಂತೆ. ಸ್ಪರ್ಧೆಯು ಮುಗಿದಾಗ ವಾಲಿಯೆಂಟೆಯ ಅಂಕ ೫೭೧, ಟಾಕಾಚನದು ೫೮೦. ಅದು ಹೊಸ ವಿಶ್ವದಾಖಲೆ. ಎರಡನೆಯ ಸ್ಥಾನಕ್ಕೆ ಬಂದ ವಾಲಿಯೆಂಟೆಯು ವಿಜೇತನನ್ನು ಅಭಿನಂದಿಸುತ್ತ, ನೀವು ಕಲಿತದ್ದು ಸಾಕೆಂದು ಹಾಸ್ಯವಾಡಿದನೆಂಬ ಕಥೆ ಪ್ರಸಿದ್ಧವಾಗಿದೆ.

ಇಲ್ಲಿ ಒಂದು ಮಾತನ್ನು ಸೇರಿಸುವುದು ಯುಕ್ತ. ಅಂಗವಿಕಲನಾಗಿ ಒಲಿಂಪಿಕ್ ಕೂಟದಲ್ಲಿ ಗೆದ್ದವರಲ್ಲಿ ಟಾಕಾಚನು ಮೊದಲಿಗನಲ್ಲ. ಅಮೆರಿಕದ ಜಾರ್ಜ್ ಐಸರನು ಮರದ ಕಾಲನ್ನು ಧರಿಸಿ ೧೯೦೪ರ ಸೈಂಟ್ ಲೂಯಿ ಕೂಟದ ಅಂಗಸಾಧನೆಯಲ್ಲಿ ಒಂದಲ್ಲ, ಆರು ಪದಕಗಳನ್ನು ಪಡೆದನು. ಹಂಗೇರಿಯವನೇ ಆದ ಒಲಿವೇರ್ ಹಲಾಸಿಯು ಒಂದು ಪಾದವಿಲ್ಲದವನಾಗಿದ್ದು, ನೀರಿನ ಪೋಲೋ ಆಟದಲ್ಲಿ ೧೯೩೨ ಮತ್ತು ೧೯೩೬ರಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದನು. ಇನ್ನೂ ಒಂದು ಯೋಗಾಯೋಗವುಂಟು. ೧೯೪೮ನೆಯ ಜುಲೈ ೨೯ರಂದು ಲಂಡನ್ ಕೂಟವು ಉದ್ಘಾಟನೆಯಾದ ದಿನವೇ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಎಂಬವರು, ಯುದ್ಧದಲ್ಲಿ ಗಾಯಗೊಂಡು ಗಾಲಿಕುರ್ಚಿ ಸೇರಿದ್ದ ಹದಿನಾರು ಮಂದಿ ಸ್ತ್ರೀಪುರುಷರಿಗೆ ಬಿಲ್ಲುಬಾಣದ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಇಂದಿನ ಪ್ಯಾರಾಲಿಂಪಿಕ್ ಕೂಟಗಳಿಗೆ ಅದೇ ಬೀಜ. ಏಕಲವ್ಯನ ಬಿಲ್ಲು ಯಾವ ಯಾವ ಕೈಗಳಿಗೆ ಹೋಗಿ ಸೇರಿತೆಂಬುದು ನೋಡತಕ್ಕದ್ದು!

ನಾಲ್ಕು ವರ್ಷಗಳ ಅನಂತರ, ೧೯೫೨ರಲ್ಲಿ, ಹೆಲ್ಸಿಂಕಿ ನಗರದಲ್ಲಿ ಕೂಟವು ನಡೆಯಿತು. ಈ ಹೊತ್ತಿಗೆ ಟಾಕಾಚನು ಗುರುವಾಗಿಯೂ ಇದ್ದನು. ಆತನು ತರಬೇತಿ ಕೊಟ್ಟ ಸಿಲಾರ್ಡ್ ಕುನ್ ಎಂಬ ಹದಿನೇಳು ವರ್ಷದ ಹುಡುಗನೂ ಅದೇ ಸ್ಪರ್ಧೆಗೆ ಬಂದಿದ್ದನು. ಗುರುವಿಗೆ ನಲವತ್ತೆರಡು, ಶಿಷ್ಯನಿಗೆ ಹದಿನೇಳು. ಅರವತ್ತು ಗುಂಡುಗಳು ಮುಗಿದಾಗ ಗುರುವಿನ ಅಂಕ ೫೭೯, ಶಿಷ್ಯನ ಅಂಕ ೫೭೮. ಚಿನ್ನ ಗುರುವಿಗೆ, ಬೆಳ್ಳಿ ಶಿಷ್ಯನಿಗೆ. ಶೀಘ್ರಗತಿಯ ಪಿಸ್ತೂಲು ಸ್ಪರ್ಧೆಯ ಚಿನ್ನವನ್ನು ಎರಡು ಸಲ ಗೆದ್ದವರಲ್ಲಿ ಟಾಕಾಚನೇ ಮೊದಲಿಗನಾದನು.

ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದ ಅಂಕೆಯೆಂದರೆ ಈ ಒಂದಂಕದ ಅಂತರ. ದ್ರೋಣನು ತನ್ನ ಪ್ರಿಯಶಿಷ್ಯನಿಗೆ ಸರಿಸಾಟಿಯಾದವನು ಇನ್ನೊಬ್ಬನಿರಬಾರದೆಂದು ಒಬ್ಬ ಹುಡುಗನ ಬೆರಳನ್ನು ಕೇಳಿದನು. ಟಾಕಾಚನು ತನ್ನ ಸ್ಥಾನಕ್ಕೇ ಕುತ್ತು ಬರಬಹುದೆಂದು ತಿಳಿದಿದ್ದರೂ ಒಬ್ಬ ಹುಡುಗನನ್ನು ತನ್ನ ಒಂದಂಕದ ಹತ್ತಿರಕ್ಕೆ ಬೆಳೆಸಿದನು. ದ್ರೋಣನು ದೊಡ್ಡ ಆಚಾರ್ಯನೆಂಬುದರಲ್ಲಿ ಸಂದೇಹವಿಲ್ಲ. ಆದರೆ ತರಬೇತಿ ಪಡೆದ ಶಿಕ್ಷಕರಾದ ನಮಗೆ ಮೇಲ್ಪಂಕ್ತಿ ಯಾವುದೆಂದು ಯೋಚಿಸಬೇಕು.

೧೯೫೬ರ ಕೊನೆಯಲ್ಲಿ ಮೆಲ್ಬರ್ನಿನಲ್ಲಿ ನಡೆದ ಕೂಟದಲ್ಲಿಯೂ ಟಾಕಾಚನು ಸ್ಪರ್ಧಿಸಿ ಎಂಟನೆಯವನಾದನು. ಈ ಸ್ಪರ್ಧೆಯಲ್ಲಿ ಇನ್ನೊಂದು ಅದ್ಭುತವೂ ಇದ್ದಿತು. ಆಗಿನ ಸೋವಿಯೆತ್ ಒಕ್ಕೂಟದ ಸ್ಪರ್ಧಾಳುಗಳ ಕೈಯಲ್ಲಿದ್ದ ಪಿಸ್ತೂಲನ್ನು ರೂಪಿಸಿದವನು ಮಿಖಾಯಿಲ್ ಮಾರ್ಗೋಲಿನ್. ಆತನಿಗೆ ಕಣ್ಣು ಕಾಣುತ್ತಿರಲಿಲ್ಲ.

೧೯೦೬ರಲ್ಲಿ ಹುಟ್ಟಿದ ಮಾರ್ಗೋಲಿನನು ಇಪ್ಪತ್ತು ತುಂಬುವ ಮೊದಲೇ ಸೈನ್ಯದಲ್ಲಿದ್ದು, ತಲೆಗೆ ತಗುಲಿದ ಗಾಯದಿಂದ ದೃಷ್ಟಿಯನ್ನು ಪೂರ್ತಿಯಾಗಿ ಕಳೆದುಕೊಂಡನು. ಬಂದೂಕುಗಳ ರಚನೆಯಲ್ಲಿ ಆತನಿಗಿದ್ದ ಆಸಕ್ತಿ ಮಾತ್ರ ಹೋಗಲಿಲ್ಲ. ಬಿಡಿಭಾಗಗಳನ್ನು ಬೆರಳಿನಿಂದ ತಡವಿ ತಿಳಿದನು. ಮನಸ್ಸಿನಲ್ಲಿ ಕಟ್ಟಿದ ಆಕಾರವನ್ನು ಜೇಡಿಯಂಥ ಮೆತ್ತನೆಯ ವಸ್ತುವಿನಿಂದಲೂ ಮರದಿಂದಲೂ ಮಾದರಿ ಮಾಡಿ ತೋರಿಸಿದನು. ಅದನ್ನು ನೋಡಿ ಇತರರು ನಕ್ಷೆ ಬರೆದರು. ಯುದ್ಧಾನಂತರ ಆತನ ಗುರಿಪಿಸ್ತೂಲು ಇಷೆವ್‌ಸ್ಕ್ ನಗರದ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಸಾಮಾನ್ಯ ಪಿಸ್ತೂಲಿನಲ್ಲಿ ಹಿಂಬದಿಯ ಕಚ್ಚು ಗುಂಡು ಹಾರಿದಾಗಲೆಲ್ಲ ಹಿಂದುಮುಂದಾಗುವ ಭಾಗದ ಮೇಲಿರುತ್ತದೆ. ಮಾರ್ಗೋಲಿನನು ಅದನ್ನು ಅಲುಗದ ಒಂದು ಕಮಾನಿನ ಮೇಲೆ ನಿಲ್ಲಿಸಿ, ಚಲಿಸುವ ಭಾಗವು ಅದರ ಅಡಿಯಲ್ಲಿ ಸರಿಯುವಂತೆ ಮಾಡಿದನು. ಗುರಿಯ ನೋಟವು ಕದಲಬಾರದೆಂಬುದು ಕಣ್ಣಿಲ್ಲದವನಿಗೆ ಎಷ್ಟು ಸ್ಪಷ್ಟವಾಗಿ ಕಂಡಿತ್ತು!

ಮೆಲ್ಬರ್ನಿಗೆ ಬಂದ ಆತನ ಪಿಸ್ತೂಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ನಳಿಗೆಯು ಕೈಗಿಂತ ಮೇಲಿದ್ದರೆ, ಗುಂಡು ಸಿಡಿದಾಗ ಒದೆತವು ಪಿಸ್ತೂಲಿನ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಅದನ್ನು ಮತ್ತೆ ಕೆಳಗಿಳಿಸಿ ಮುಂದಿನ ಫಲಕಕ್ಕೆ ಹಿಡಿಯಬೇಕು. ಮಾರ್ಗೋಲಿನನು ಯಂತ್ರವನ್ನು ತಲೆಕೆಳಗು ಮಾಡಿ ನಳಿಗೆಯನ್ನು ಕೈಯ ಮಟ್ಟಕ್ಕೇ ಇಳಿಸಿದನು. ಒದೆತವು ತೋಳಿನೊಳಕ್ಕೆ ನೇರವಾಗಿ ಹೋಯಿತು, ಮೂತಿ ಹಾರಲಿಲ್ಲ. ಆ ಸ್ಪರ್ಧೆಯಲ್ಲಿ ರುಮೇನಿಯದ ಸ್ಟೆಫಾನ್ ಪೆಟ್ರೆಸ್ಕು ಗೆದ್ದನು. ಸೋವಿಯೆತ್ ಒಕ್ಕೂಟದ ಎವ್‌ಗೆನಿ ಚೆರ್ಕಾಸೊವನಿಗೆ ಎರಡನೆಯ ಸ್ಥಾನ ಬಂದಿತು. ಆ ಬಳಿಕ ನಿಯಮವನ್ನು ಬದಲಿಸಿ, ನಳಿಗೆಯು ಅಷ್ಟು ಕೆಳಗಿರುವ ಪಿಸ್ತೂಲುಗಳನ್ನು ನಿಷೇಧಿಸಿದರು. ಹಿಂದಿನ ಕಾಲದವರು ಶಬ್ದವೇಧಿಯೆಂಬ ವಿದ್ಯೆಯನ್ನು ಹೊಗಳಿದ್ದಾರೆ. ನೋಡದೆಯೇ, ಸದ್ದಿನಿಂದ ಗುರಿ ಹೊಡೆಯುವುದು ಅದು. ನೋಡದೆಯೇ ನೋಡುವವರಿಗೆ ಗುರಿಯನ್ನು ಕೊಟ್ಟ ಈ ಸ್ಪರ್ಶವೇಧಿಯನ್ನು ಏನೆಂದು ಹೊಗಳೋಣ?

ಟಾಕಾಚನು ಲೆಫ್ಟಿನೆಂಟ್ ಕರ್ನಲ್ ದರ್ಜೆಗೇರಿ ಸೈನ್ಯದಿಂದ ನಿವೃತ್ತನಾದನು. ಮೂವತ್ತೈದು ಸಲ ಹಂಗೇರಿಯ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗೆದ್ದವನು ೧೯೭೬ನೆಯ ಜನವರಿ ೫ರಂದು ತೀರಿಕೊಂಡನು. ಮಾರ್ಗೋಲಿನನು ಅದರ ಹಿಂದಿನ ವರ್ಷ ತೀರಿಕೊಂಡಿದ್ದನು.

ನಮ್ಮ ದೇಶಕ್ಕೂ ಈ ವಿದ್ಯೆಗೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ೧೯೫೧ರಲ್ಲಿ ಭಾರತದ ರಾಷ್ಟ್ರೀಯ ರೈಫಲ್ ಸಂಘವು ಸ್ಥಾಪನೆಯಾಯಿತು. ಲೋಕಸಭೆಯ ಮೊದಲನೆಯ ಅಧ್ಯಕ್ಷರಾದ ಮಾವಳಂಕರರೇ ಅದರ ಮೊದಲನೆಯ ಅಧ್ಯಕ್ಷರು. ೧೯೫೨ರ ಹೆಲ್ಸಿಂಕಿಯಲ್ಲಿ, ಟಾಕಾಚನು ಎರಡನೆಯ ಚಿನ್ನ ಗೆದ್ದ ಕೂಟದಲ್ಲಿಯೇ, ಹರಿಹರ ಬ್ಯಾನರ್ಜಿಯವರು ಭಾರತದ ಪರವಾಗಿ ರೈಫಲ್ ಹಿಡಿದಿದ್ದರು. ೨೦೧೨ರಲ್ಲಿ ಅದೇ ಲಂಡನ್ನಿನಲ್ಲಿ, ಟಾಕಾಚನು ಗೆದ್ದ ಅದೇ ಶೀಘ್ರಗತಿಯ ಸ್ಪರ್ಧೆಯಲ್ಲಿ, ನಮ್ಮ ವಿಜಯ ಕುಮಾರರು ಬೆಳ್ಳಿಯ ಪದಕ ಪಡೆದರು. ೨೦೨೧ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಪ್ಯಾರಾಲಿಂಪಿಕ್ ಕೂಟದಲ್ಲಿ ಮನೀಷ್ ನರ್ವಾಲ್ ಎಂಬ ತರುಣರು ಐವತ್ತು ಮೀಟರು ಪಿಸ್ತೂಲು ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಅವರ ಬಲಗೈ ಹುಟ್ಟಿನಿಂದಲೇ ಊನವಾದುದು. ಅವರು ಗುರಿ ಹೊಡೆಯುವುದು ಎಡಗೈಯಿಂದ.

ಪಿಸ್ತೂಲನ್ನು ಇಟ್ಟುಕೊಳ್ಳುವ ವಿಚಾರದಲ್ಲಿ ಮಕ್ಕಳಿಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಸ್ಪರ್ಧೆಯದಾದರೂ ಅದು ಆಯುಧವೇ. ೧೯೫೯ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಯಾರೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ಒಡೆಯನಾದವನು ಅದನ್ನು ಬರಿದು ಮಾಡಿ ಬೀಗದಲ್ಲಿಡಬೇಕು, ತೋಟಾಗಳನ್ನು ಬೇರೆಯಾಗಿಡಬೇಕು, ಖಾಲಿಯಿದೆಯೆಂದು ತಿಳಿದಿದ್ದರೂ ತುಂಬಿದೆಯೆಂದೇ ಭಾವಿಸಿ ಹಿಡಿಯಬೇಕು, ಅದರ ಮೂತಿಯನ್ನು ಫಲಕದ ಕಡೆಗಲ್ಲದೆ ಇನ್ನೆಲ್ಲಿಗೂ ತಿರುಗಿಸಬಾರದು. ಈ ವಿದ್ಯೆಯ ಮೊದಲನೆಯ ಪಾಠ ಗುರಿಯಲ್ಲ, ಸಂಯಮ. ಒಂದು ಕೈಬಾಂಬಿನ ದೋಷವು ಒಬ್ಬನ ಕೈಯನ್ನೇ ತೆಗೆದುಕೊಂಡ ಕಥೆಯನ್ನು ಓದಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಟಾಕಾಚನ ಚರಿತ್ರೆಯನ್ನು ಓದಿ ಮುಗಿಸಿದ ರಾತ್ರಿ ನಾನು ಮಾಡಿದ ಕೆಲಸದ ಲೆಕ್ಕವನ್ನು ನಾನೇ ಹಾಕಿ ನೋಡಿದೆನು. ಆತನು ಬಲಗೈಯನ್ನು ಕಳೆದುಕೊಂಡು ಎಡಗೈಯನ್ನು ಪಡೆದನು. ನನ್ನ ತರಗತಿಯ ಬಾಲಕನು ಎಡಗೈಯೊಡನೆ ಶಾಲೆಗೆ ಬಂದಿದ್ದನು. ನಾನು ಯಾವ ಬಾಂಬೂ ಇಲ್ಲದೆ, ಬರಿಯ ಅಡಿಕೋಲಿನಿಂದ, ಆ ಕೈಯನ್ನು ಆತನಿಂದ ತೆಗೆದುಕೊಂಡಿದ್ದೆನು. ಬಲಗೈಯಿಂದ ಬರೆಯುವವರ ಹೆಚ್ಚಿನ ಸಂಖ್ಯೆಯೇ ನನಗೆ ನಿಯಮವಾಗಿ ಕಂಡಿತ್ತು. ಒಂದೇ ಕೈಯಲ್ಲಿ ಹಿಡಿಯಬೇಕೆಂಬ ಪಿಸ್ತೂಲಿನ ಸ್ಪರ್ಧೆಯಲ್ಲಿಯೂ ಯಾವ ಕೈಯೆಂದು ಹೇಳದಿರುವಾಗ, ಅಕ್ಷರಗಳಿಗೆ ಆ ನಿಯಮವನ್ನು ಹಾಕಿದವರು ಯಾರು?

ಮರುದಿನ ತರಗತಿಯಲ್ಲಿ ಈ ಕಥೆಯನ್ನು ಪೂರ್ತಿಯಾಗಿ ಹೇಳಿದೆನು. ನಕಾಶೆಯಲ್ಲಿ ಹಂಗೇರಿಯನ್ನು ತೋರಿಸಿದೆನು. ೫೭೯ರಲ್ಲಿ ೫೭೮ನ್ನು ಕಳೆದರೆ ಉಳಿಯುವುದೆಷ್ಟೆಂದು ಚಿಕ್ಕವರಿಂದ ಹೇಳಿಸಿದೆನು. ಕಥೆ ಮುಗಿದ ಮೇಲೆ ಹಿಂದಿನ ಬೆಂಚಿನ ಬಾಲಕನ ಬಳಿಗೆ ಹೋಗಿ, "ನಿನ್ನ ಪ್ರಶ್ನೆಗೆ ಉತ್ತರ ಇದು. ಇನ್ನು ನಿನಗೆ ಯಾವ ಕೈ ಸುಲಭವೋ ಅದರಲ್ಲಿಯೇ ಬರೆ" ಎಂದೆನು. ಆತನು ಕೂಡಲೆ ಲೇಖನಿಯನ್ನು ಬದಲಿಸಲಿಲ್ಲ. ನನ್ನ ಮುಖವನ್ನೂ ಮೇಜಿನ ಮೇಲಿದ್ದ ಅಡಿಕೋಲನ್ನೂ ಒಮ್ಮೆ ನೋಡಿದನು. ನಾನು ಅಡಿಕೋಲನ್ನು ಕಪಾಟಿನೊಳಗಿಟ್ಟು ಬಂದೆನು.

ಮೊದಮೊದಲು ಆತನ ಅಂಗೈಯು ಹಸಿಮಸಿಯನ್ನು ಒರಸುತ್ತಿತ್ತು. ಪುಸ್ತಕವನ್ನು ಸ್ವಲ್ಪ ಓರೆಯಾಗಿಟ್ಟು, ಕೈಯನ್ನು ಸಾಲಿನ ಕೆಳಗಿರಿಸಿ ಬರೆದರೆ ಮಸಿಯು ಅಳಿಯುವುದಿಲ್ಲವೆಂಬುದನ್ನು ನಾವಿಬ್ಬರೂ ಸೇರಿ ಕಂಡುಹಿಡಿದೆವು. ಎಡಗೈಗೆ ನಾಲ್ಕು ವರ್ಷಗಳ ಅಭ್ಯಾಸ ತಪ್ಪಿದೆ. ಆದುದರಿಂದ ಅಕ್ಷರ ಒಂದೇ ವಾರದಲ್ಲಿ ದುಂಡಗಾಗಲಿಲ್ಲ. ಆದರೆ ಸಾಲು ಈಗ ಮೇಲೆ ಕೆಳಗೆ ಹೋಗುವುದಿಲ್ಲ.

ಒಂದು ದಿನ ಕಾಪಿ ಬರೆಯುತ್ತ ಬರೆಯುತ್ತ ಆತನು ತಲೆಯೆತ್ತಿ ಕೇಳಿದನು: "ಮಾಸ್ಟ್ರೇ, ಆ ಗುರುಗಳು ಆ ಹುಡುಗನಿಗೆ ಒಂದು ಅಂಕ ಬಿಟ್ಟುಕೊಡಬಹುದಿತ್ತಲ್ಲ?"

"ಬಿಟ್ಟುಕೊಟ್ಟಿದ್ದರೆ ಆ ಹುಡುಗನಿಗೆ ಅದು ಬೇಕಾಗುತ್ತಿತ್ತೇ?" ಎಂದೆನು.

ಆತನು ಸ್ವಲ್ಪ ಯೋಚಿಸಿ, ಇಲ್ಲವೆಂದು ತಲೆಯಾಡಿಸಿ, ಎಡಗೈಯಿಂದ ಮುಂದಿನ ಸಾಲನ್ನು ಬರೆಯತೊಡಗಿದನು.